ಕೊನೆಯ ‘ಎಸ್’

ಇಂಗ್ಲಿಷಿನಲ್ಲಿ ಕತ್ತರಿ ಒಂದೇ ಇದ್ದರೂ ಅದು ಸಿಸರ್ಸ್. ಒಂದು ಎಂದು ಹೇಳಲೇಬೇಕಾದರೆ ‘ಎ ಪೇರ್ ಆಫ್ ಸಿಸರ್ಸ್’, ಅಂದರೆ ಒಂದು ಜೊತೆ. ನಮಗೆ ಕತ್ತರಿ ಒಂದು, ಕನ್ನಡಕ ಒಂದು, ಚಡ್ಡಿಯೂ ಒಂದು. ಹಾಗಾಗಿ ನಮ್ಮ ಮಕ್ಕಳು ಸಿಸರ್ಸ್, ಟ್ರೌಸರ್ಸ್, ಸ್ಪೆಕ್ಟಕಲ್ಸ್ ಎಂದು ಸಾಲಾಗಿ ಬಾಯಿಪಾಠ ಮಾಡುತ್ತಾರೆ. ‘ಎಸ್’ ಬಿಟ್ಟರೆ ಮಾರ್ಕ್ಸು ಹೋಗುತ್ತದೆ. ಅವರ ಮಟ್ಟಿಗೆ ಅಷ್ಟೇ ಕಾರಣ.

ದರ್ಜಿಯ ಕತ್ತರಿಯನ್ನು ಮುಚ್ಚಿ ಬೆಳಕಿಗೆ ಹಿಡಿದರೆ ಇನ್ನೊಂದು ಕಾರಣ ಕಾಣುತ್ತದೆ. ಎರಡು ಅಲಗುಗಳ ನಡುವೆ ಕೂದಲೆಳೆಯಷ್ಟು ಸಂದು. ಅಲಗುಗಳು ಪೂರ್ತಿ ನೇರವಲ್ಲ, ಒಂದರಿಂದ ಒಂದು ತುಸು ಹೊರಕ್ಕೆ ಬಾಗಿವೆ. ಬಟ್ಟೆ ಕತ್ತರಿಸುವಾಗ ಅವು ಪರಸ್ಪರ ಮುಟ್ಟುವುದು ಒಂದೇ ಬಿಂದುವಿನಲ್ಲಿ. ಆ ಬಿಂದು ತಿರುಪಿನ ಬಳಿಯಿಂದ ತುದಿಯ ಕಡೆಗೆ ಸರಿಯುತ್ತದೆ, ಅದು ಸರಿದಷ್ಟೂ ಬಟ್ಟೆ ಬಿಟ್ಟುಕೊಳ್ಳುತ್ತದೆ. ತಿರುಪು ಸಡಿಲವಾಯಿತೋ, ಎಷ್ಟೇ ಸಾಣೆ ಹಿಡಿಸಿದ್ದರೂ ಬಟ್ಟೆ ಅಲಗುಗಳ ಮಧ್ಯೆ ಮಡಚಿಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ. ಕೆಲಸ ಮಾಡುವುದು ಈ ಅಲಗೂ ಅಲ್ಲ, ಆ ಅಲಗೂ ಅಲ್ಲ, ಅವೆರಡರ ಭೇಟಿ. ಇಲ್ಲಿ ‘ಎಸ್’ ಇರುವುದು ನ್ಯಾಯವೇ.

ಕನ್ನಡಕಕ್ಕೂ ಆ ಹಕ್ಕಿದೆ. 1306ರಲ್ಲಿ ಫ್ಲಾರೆನ್ಸಿನಲ್ಲಿ ಜೋರ್ಡಾನೊ ಎಂಬ ಡೊಮಿನಿಕನ್ ಸನ್ಯಾಸಿ ಪ್ರವಚನ ಮಾಡುತ್ತಾ, ಕನ್ನಡಕ ಮಾಡುವ ವಿದ್ಯೆ ಬಂದು ಇನ್ನೂ 20 ವರ್ಷ ಆಗಿಲ್ಲ, ಮೊದಲು ಮಾಡಿದವನನ್ನು ತಾನೇ ನೋಡಿದ್ದೇನೆ ಎಂದಿದ್ದ. ಆಗಿನ ಕನ್ನಡಕವೆಂದರೆ ಹಿಡಿಯುಳ್ಳ ಎರಡು ಬಿಲ್ಲೆಗಳನ್ನು ಒಂದು ಮೊಳೆಯಿಂದ ಸೇರಿಸಿದ್ದು. ಕಿವಿಗೆ ಸಿಕ್ಕಿಸುವ ಕಡ್ಡಿ ಬಂದದ್ದು ಎಷ್ಟೋ ಕಾಲದ ಮೇಲೆ.

ಇಂಥ ನಿತ್ಯ ಬಹುವಚನ ನಮ್ಮ ಕಿವಿಗೆ ಹೊಸದೇನಲ್ಲ. ಸಂಸ್ಕೃತದಲ್ಲಿ ನೀರು ‘ಆಪಃ’, ಯಾವಾಗಲೂ ಬಹುವಚನ. ಬೆಳಗಿನ ಸಂಧ್ಯಾವಂದನೆಯಲ್ಲಿ ಉದ್ಧರಣೆಯ ನಾಲ್ಕು ಹನಿಗಳನ್ನು ತಲೆಗೆ ಪ್ರೋಕ್ಷಿಸಿಕೊಳ್ಳುವವನೂ ನೀರನ್ನು ‘ನೀವು’ ಎಂದೇ ಮಾತನಾಡಿಸುತ್ತಾನೆ. ಜೀವವೆಂಬ ಅರ್ಥದ ‘ಪ್ರಾಣಾಃ’ ಕೂಡ ಬಹುವಚನ ಎಂದು ಅಮರಕೋಶ ಗುರುತುಹಾಕಿದೆ. ಹೆಂಡತಿ ಎಂಬ ಅರ್ಥದ ‘ದಾರಾಃ’ ಬಹುವಚನವಷ್ಟೇ ಅಲ್ಲ, ಪುಲ್ಲಿಂಗ ಬೇರೆ! ಸಂಸಾರಸ್ಥರು ಇದಕ್ಕೆ ತಮತಮಗೆ ತಿಳಿದ ವ್ಯಾಖ್ಯಾನ ಕೊಟ್ಟುಕೊಳ್ಳಬಹುದು.

ಆದರೆ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಳ್ಳುವುದು ಕಿವಿ ಮೋಸಹೋಗಿ ಹುಟ್ಟಿದ ಬಹುವಚನಗಳು. ಐಶ್ವರ್ಯಕ್ಕೆ ಇಂಗ್ಲಿಷಿನಲ್ಲಿ ರಿಚಸ್ ಎನ್ನುತ್ತಾರೆ. ಅದು ಫ್ರೆಂಚಿನ ‘ರಿಶೆಸ್’, ಏಕವಚನ. ಸಿರಿತನ ಎಂಬ ಗುಣದ ಹೆಸರು. ಕೊನೆಯಲ್ಲಿ ಸಕಾರ ಕೇಳಿಸಿತು, ಸಿರಿಯೆಂದ ಮೇಲೆ ಒಂದಿರಲು ಸಾಧ್ಯವೇ ಎಂದು ಜನ ಅದನ್ನು ರಾಶಿಯಾಗಿಸಿದರು. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಒಂದೆಡೆ ಈ ಪದಕ್ಕೆ ಏಕವಚನದ ಕ್ರಿಯಾಪದ ಇನ್ನೂ ಉಳಿದುಕೊಂಡಿದೆ.

ಆಸ್ತಿ ಎಂಬ ಅರ್ಥದ ಅಸೆಟ್ಸ್ ಕಥೆ ಇನ್ನೂ ಸ್ವಾರಸ್ಯದ್ದು. ಇಂಗ್ಲೆಂಡಿನ ಕೋರ್ಟುಗಳಲ್ಲಿ ವಕೀಲರು ಫ್ರೆಂಚ್ ಆಡುತ್ತಿದ್ದ ಕಾಲದ ಮಾತು ಅದು. ಒಬ್ಬ ಸತ್ತರೆ, ಅವನು ಬಿಟ್ಟುಹೋದದ್ದು ಅವನ ಸಾಲ ತೀರಿಸಲು, ಉಯಿಲಿನಲ್ಲಿ ಬರೆದವರಿಗೆ ಕೊಡಲು ಸಾಕಾಗುತ್ತದೆಯೇ ಎಂದು ನೋಡಬೇಕಿತ್ತು. ಸಾಕಾಗುವಷ್ಟು ಇದೆ ಎನ್ನಲು ಅವರು ಬಳಸಿದ್ದು ‘ಅಸೆಟ್ಸ್’. ಇಂದಿನ ಫ್ರೆಂಚಿನ ‘ಅಸೇ’ ಅದೇ ಪದ, ಅರ್ಥ ‘ಸಾಕಷ್ಟು’. ಕಾಲ ಕಳೆದಂತೆ ಅದೂ ಬಹುವಚನವಾಗಿ ಕೇಳಿಸತೊಡಗಿತು. 19ನೇ ಶತಮಾನದ ಹೊತ್ತಿಗೆ ಬಾಲ ಕತ್ತರಿಸಿ ‘ಅಸೆಟ್’ ಎಂಬ ಏಕವಚನವನ್ನೂ ಮಾಡಿಕೊಂಡರು. ಸಾಕು ಎಂಬುದನ್ನು ಒಂದು, ಎರಡು, ಮೂರು ಎಂದು ಎಣಿಸಲು ದಾರಿಯಾಯಿತು. 2002ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನಮ್ಮ ಚುನಾವಣೆಗಳಲ್ಲಿ ಅಭ್ಯರ್ಥಿಗಳು ಆಸ್ತಿ ವಿವರ ಸಲ್ಲಿಸುತ್ತಾರೆ. ಪತ್ನಿಯ ಚಿನ್ನ ಎಷ್ಟು ಗ್ರಾಂ, ಯಾರ ಹೆಸರಿನಲ್ಲಿ ಎಷ್ಟು ನಿವೇಶನ ಎಂದು ಪತ್ರಿಕೆಗಳು ಅಚ್ಚುಹಾಕುತ್ತವೆ. ಅದನ್ನು ಓದುವಾಗ ಆ ಹಳೆಯ ವಕೀಲರು ನೆನಪಾಗಿ ನಗು ಬರುತ್ತದೆ.

ಭಿಕ್ಷೆ ಎಂಬ ಅರ್ಥದ ಆಮ್ಸ್ ಕೂಡ ಹೀಗೆಯೇ. ಅದರ ಬೇರು ಗ್ರೀಕಿನಲ್ಲಿದೆ. ಅಲ್ಲಿ ಅದಕ್ಕೆ ಕರುಣೆ ಎಂದು ಅರ್ಥ. ಹಳೆಯ ಇಂಗ್ಲಿಷಿಗೆ ಬರುವಾಗಲೂ ಅದು ಏಕವಚನವೇ. ಕರುಣೆ ಯಾವಾಗ ಚಿಲ್ಲರೆ ಕಾಸಾಗಿ ಜೋಳಿಗೆಗೆ ಬೀಳತೊಡಗಿತೋ ಆಗ ಬಹುವಚನವಾಯಿತು ಎಂದು ನಾನು ಅಂದುಕೊಳ್ಳುತ್ತೇನೆ. ಭಾಷಾಶಾಸ್ತ್ರಜ್ಞರು ಒಪ್ಪಬೇಕೆಂದಿಲ್ಲ. ಅವರ ಲೆಕ್ಕದಲ್ಲಿ ತಪ್ಪಿದ್ದು ಕಿವಿ, ಮನಸ್ಸಲ್ಲ.

ಇನ್ನು ನಾವು ಬೆಳಗಾದರೆ ಹಾಲಿನವನಿಂದ ಹಿಡಿದು ಕಂಡಕ್ಟರನವರೆಗೆ ಹಂಚುವ ಥ್ಯಾಂಕ್ಸ್. ಇದರ ‘ಎಸ್’ ಅಸಲಿ ಬಹುವಚನವೇ. ನಾವೂ ಧನ್ಯವಾದಗಳು, ವಂದನೆಗಳು ಎಂದು ‘ಗಳು’ ಹಚ್ಚಿಯೇ ಕೊಡುತ್ತೇವೆ. ಆದರೆ ‘ಥ್ಯಾಂಕ್’ ಎಂಬುದು ‘ಥಿಂಕ್’ ಎಂಬುದರ ಒಡಹುಟ್ಟು. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಮೊದಲು ಯೋಚನೆ ಎಂದು ಅರ್ಥವಿತ್ತು; ಆಮೇಲೆ ಒಬ್ಬರ ಬಗ್ಗೆ ಇನ್ನೊಬ್ಬರ ಮನಸ್ಸಿನಲ್ಲಿ ಮೂಡುವ ಒಳ್ಳೆಯ ಯೋಚನೆ. ಸಿಟಿ ಬಸ್ಸಿನಲ್ಲಿ ಕಾಲೇಜು ಹುಡುಗನೊಬ್ಬ ಎದ್ದು ಸೀಟು ಬಿಟ್ಟುಕೊಟ್ಟರೆ ಊರಿಂದ ಬಂದ ಅಜ್ಜಿ ಥ್ಯಾಂಕ್ಸ್ ಅನ್ನುವುದಿಲ್ಲ. ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತು, ಅವನ ಮುಖವನ್ನೊಮ್ಮೆ ನೋಡಿ, “ನಿನ್ನ ಹೊಟ್ಟೆ ತಣ್ಣಗಿರ್ಲಿ ಮಗಾ” ಅನ್ನುತ್ತಾಳೆ. ಹುಡುಗ ಕಕ್ಕಾಬಿಕ್ಕಿಯಾಗಿ “ಥ್ಯಾಂಕ್ಸ್ ಅಜ್ಜಿ” ಎಂದು ಇಯರ್‌ಫೋನ್ಸ್ ಸಿಕ್ಕಿಸಿಕೊಳ್ಳುತ್ತಾನೆ.