ಹಾದುಹೋಗುವವನ ಪಾಲು

ನಾಲ್ಕು ಅಂತಸ್ತಿನ ವಸತಿ ಕಟ್ಟಡವೊಂದು ತಾನು ನಿಂತ ಬೀದಿಗೆ ಏನಾದರೂ ಸಲ್ಲಿಸಬೇಕೇ? ಇದು ಎಂಜಿನಿಯರ್‌ಗೋ ನಗರಸಭೆಗೋ ಬಿಟ್ಟ ವಿಚಾರವೆಂದು ತೋರಬಹುದು. ಬಗೆದು ನೋಡಿದರೆ ಪ್ರಶ್ನೆ ಧರ್ಮದ್ದು. ಹಾವೇರಿ ಜಿಲ್ಲೆಯ ಅಗಡಿಯ ಸುತ್ತಿನ ಊರುಗಳ ಹಳೆಯ ಮನೆಗಳ ಮುಂದೆ ಕಟ್ಟೆ ಇರುತ್ತದೆ: ಮೊಣಕಾಲೆತ್ತರ, ಒಬ್ಬ ಆಳು ಮೈಚಾಚುವಷ್ಟು ಅಗಲ, ಮೇಲೆ ಮಾಡಿನ ನೆರಳು. ಜಾಗ ಮನೆಯವರದೇ, ಆದರೆ ಸಂತೆಗೆ ಹೊರಟವನು ಅಲ್ಲಿ ಗಂಟು ಇಳಿಸುತ್ತಾನೆ, ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ನೆರೆಮನೆಯವರು ಕೂರುತ್ತಾರೆ, ಅದಕ್ಕೆ ಅಪ್ಪಣೆ ಬೇಕಿಲ್ಲ. ಹಾವೇರಿ, ರಾಣೇಬೆನ್ನೂರಿನಂತಹ ಪಟ್ಟಣಗಳಿಗೂ ಬರುತ್ತಿರುವ ಅಪಾರ್ಟ್‌ಮೆಂಟಿನ ಬುಡದಲ್ಲಿ ಕಾಣುವುದು ಸ್ಟಿಲ್ಟ್ ಪಾರ್ಕಿಂಗ್: ಕಂಬಗಳ ಮೇಲೆ ಬರೆದ ಮನೆ ನಂಬರುಗಳು, ಕರೆಂಟ್ ಮೀಟರುಗಳ ಸಾಲು, ವಾಚ್‌ಮನ್ನನ ಪ್ಲಾಸ್ಟಿಕ್ ಕುರ್ಚಿ. ಬೀದಿಯವನ ಪಾಲಿಗೆ ಉಳಿದದ್ದು ಗೇಟಿಗೆ ತೂಗುಬಿಟ್ಟ ‘ಇಲ್ಲಿ ವಾಹನ ನಿಲ್ಲಿಸಬಾರದು’ ಎಂಬ ಬೋರ್ಡು.

ಗೃಹಸ್ಥನಿಗೆ ನಮ್ಮ ಶಾಸ್ತ್ರಗಳು ದಿನನಿತ್ಯದ ಐದು ಯಜ್ಞಗಳನ್ನು ವಿಧಿಸಿವೆ. ದೇವತೆಗಳಿಗೆ, ಪಿತೃಗಳಿಗೆ ಸಲ್ಲುವುದರ ಜೊತೆಗೇ ಮನುಷ್ಯರಿಗೆ, ಅಂದರೆ ಬಾಗಿಲಿಗೆ ಬಂದ ಅತಿಥಿಗೆ, ಸಲ್ಲಬೇಕಾದದ್ದೂ ಅವುಗಳಲ್ಲಿ ಸೇರಿದೆ. ಈ ವಿಧಿ ಹೇಳದೆಯೇ ಒಪ್ಪಿಕೊಂಡಿರುವ ಸಂಗತಿಯೊಂದಿದೆ: ಅಪರಿಚಿತನು ಬಾಗಿಲ ತನಕ ಬರಬಲ್ಲ. ಮೂರನೆಯ ಮಹಡಿಯ ಮನೆಯ ಬಾಗಿಲಿಗೆ ಅವನು ಬರಲಾರ. ಬರುವ ಪ್ರತಿಯೊಬ್ಬನೂ ಕೆಳಗೆ ಹೆಸರು ಬರೆಸಿ, ಫೋನಿನಲ್ಲಿ ಒಪ್ಪಿಗೆ ಪಡೆದವನೇ. ಹೀಗೆ ಬಂದವರಿಗೆ ಉಪಚಾರ ಮಾಡುವುದು ಸೌಜನ್ಯವಾದೀತು, ಆದರೆ ವಿಧಿ ಹೇಳಿದ್ದು ಇದಿಷ್ಟನ್ನೇ ಅಲ್ಲ. ಪುಸ್ತಕಗಳ ಹೊರೆ ಹೊತ್ತು ಊರೂರು ಅಲೆದ ಕಾದಂಬರಿಕಾರ ಗಳಗನಾಥರಂತಹವರು ಇಂದು ಬಂದರೆ ಗೇಟಿನಾಚೆಗೇ ಉಳಿಯುತ್ತಾರೆ. ಒಂಟಿ ಮನೆಯ ಬಾಗಿಲು ಮಾಡುತ್ತಿದ್ದ ಕೆಲಸವನ್ನು ಬಹುಮಹಡಿಯ ಮನೆಯವರು ಬೇರೆ ಬೇರೆಯಾಗಿ ಮಾಡಲಾರರು. ಆದ್ದರಿಂದ ಆ ಕರ್ತವ್ಯ ಇಡೀ ಕಟ್ಟಡದ ಮೇಲೆ, ಅದರಲ್ಲೂ ನೆಲದಂತಸ್ತಿನ ಮೇಲೆ ಬೀಳುತ್ತದೆ.

ಸ್ವಂತ ದುಡ್ಡಿನಲ್ಲಿ ಕೊಂಡ ಜಾಗದಲ್ಲಿ ಪರರಿಗೆ ಪಾಲೇಕೆ ಎಂಬ ಆಕ್ಷೇಪ ಸಹಜ. ಇದಕ್ಕೆ ಶರಣರ ದಾಸೋಹದ ವಿಚಾರ ಉತ್ತರ ಕೊಡುತ್ತದೆ. ದಾನದಲ್ಲಿ ‘ನನ್ನದನ್ನು ಕೊಟ್ಟೆ’ ಎಂಬ ಭಾವ ಉಳಿಯುತ್ತದೆ. ದಾಸೋಹದಲ್ಲಿ, ಬಂದದ್ದು ಸಮಾಜದಿಂದ, ಅದು ಅಲ್ಲಿಗೇ ಮರಳಬೇಕು ಎಂಬ ನಿಲುವಿದೆ. ಕಟ್ಟಡದ ಮಟ್ಟಿಗೆ ಇದು ಅಕ್ಷರಶಃ ನಿಜ. ಅದರ ನೀರು, ಚರಂಡಿ, ದಾರಿ ಎಲ್ಲವೂ ಬೀದಿಯವು. ಅದು ಎದ್ದು ನಿಂತಷ್ಟೂ ಎದುರುಮನೆಯ ಬಿಸಿಲು, ಗಾಳಿ ಕಡಿಮೆಯಾಗುತ್ತವೆ. ನಿವೇಶನದ ಬೆಲೆ ಏರಿದ್ದೂ ಪಕ್ಕದಲ್ಲಿ ಶಾಲೆ, ಪೇಟೆ, ಬಸ್‌ ನಿಲ್ದಾಣ ಇರುವುದರಿಂದಲೇ. ಇಷ್ಟನ್ನು ಪಡೆದ ಕಟ್ಟಡ ಬೀದಿಯಂಚಿನಲ್ಲಿ ಮೂರಡಿ ನೆರಳನ್ನೂ ಕೂರುವ ಕಟ್ಟೆಯನ್ನೂ ಬಿಟ್ಟರೆ ಅದು ಔದಾರ್ಯವೇನಲ್ಲ, ಸಾಲದ ಒಂದು ಕಂತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೊಂದಿದೆ. ಹಳೆಯ ಕಟ್ಟೆಯನ್ನು ಹಾಡಿಹೊಗಳುವಾಗ ಅದರ ಮೇಲೆ ಯಾರು ಕೂರುವಂತಿರಲಿಲ್ಲ ಎಂಬುದನ್ನು ಮರೆಯುವುದು ಸುಲಭ. ಎಷ್ಟೋ ಜನ ಆ ಕಟ್ಟೆಯ ಮುಂದೆ ನಿಂತೇ ಮಾತಾಡಬೇಕಿತ್ತು. ಈ ಮಾತು ನಿಜ, ಅದನ್ನು ತೇಲಿಸಿಬಿಡಬಾರದು. ಇದೇ ಜಿಲ್ಲೆಯ ಬಾಡದಲ್ಲಿ ಹುಟ್ಟಿ, ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಆದಿಕೇಶವನನ್ನು ನೆನೆದ ಕನಕದಾಸರಿಗೆ ಉಡುಪಿಯಲ್ಲಿ ಗುಡಿಯೊಳಗೆ ಪ್ರವೇಶ ಸಿಗದಾಗ ಕೃಷ್ಣನೇ ತಿರುಗಿ ಕಿಂಡಿಯಿಂದ ದರ್ಶನ ಕೊಟ್ಟನೆಂಬ ಐತಿಹ್ಯವಿದೆ. ಭಕ್ತಿಯ ಗೆಲುವಾಗಿ ಅದನ್ನು ಕೊಂಡಾಡುತ್ತೇವೆ. ಆದರೆ ಕಥೆಯಲ್ಲಿ ದೇವರು ತಿರುಗಿದ, ಕನಕರಿಗೆ ಬಾಗಿಲು ತೆರೆಯಲಿಲ್ಲ. ಬೀದಿಗೆ ಸಲ್ಲಬೇಕಾದದ್ದು ಮನೆಯೊಡೆಯನ ಮರ್ಜಿಗೆ ಬಿಟ್ಟ ವಿಷಯವಾದರೆ ಅವನ ಜಾತಿ, ಅವನ ಮುನಿಸು ಅದರೊಳಗೆ ನುಗ್ಗುತ್ತವೆ ಎಂಬುದೇ ಇಲ್ಲಿನ ಪಾಠ. ಹಾಗಾಗಿ ಕಟ್ಟೆಯ ದೋಷಕ್ಕೆ ಕಟ್ಟೆಯನ್ನೇ ಅಳಿಸುವುದು ಪರಿಹಾರವಾಗದು. ಅದು ನಕ್ಷೆಯಲ್ಲೇ ಇರಲಿ, ಎಲ್ಲರಿಗೂ ತೆರೆದಿರಲಿ, ಯಾರನ್ನೂ ಎಬ್ಬಿಸುವ ಹಕ್ಕು ಯಾರಿಗೂ ಬೇಡ.

ಇನ್ನುಳಿದದ್ದು ಭದ್ರತೆ ಮತ್ತು ಪಾರ್ಕಿಂಗ್. ಮಕ್ಕಳು, ವೃದ್ಧರು ಇರುವ ಕಡೆ ಭಯ ಸುಳ್ಳಲ್ಲ. ಆದರೆ ಬೀದಿಯನ್ನು ಕಾಯುವುದು ಗೋಡೆಗಿಂತ ಹೆಚ್ಚಾಗಿ ಅಲ್ಲಿ ಓಡಾಡುವ, ಕೂತು ನೋಡುವ ಜನ ಎಂದು ಅಮೆರಿಕದ ನಗರ ಚಿಂತಕಿ ಜೇನ್ ಜೇಕಬ್ಸ್ 1961ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಕಟ್ಟೆಯ ಮೇಲಿನ ಅಜ್ಜಂದಿರ ಕಣ್ಣು ತಪ್ಪಿಸಿ ಓಣಿ ದಾಟುವುದು ಎಷ್ಟು ಕಷ್ಟವೆಂದು ಬಲ್ಲ ನಮ್ಮ ಹಳ್ಳಿಗರಿಗೆ ಇದೇನೂ ಹೊಸದಲ್ಲ. ಕಾರುಗಳನ್ನು ಹಿಂಬದಿಗೆ ಸರಿಸಿ, ಬೀದಿಯ ಮಗ್ಗುಲಿಗೆ ಒಂದೆರಡು ಅಂಗಡಿ, ಕಟ್ಟೆ, ಕುಡಿಯುವ ನೀರಿನ ನಲ್ಲಿ ಇಟ್ಟು, ಒಳಗಿನ ಮೆಟ್ಟಿಲಿಗೆ ಬೇಕಾದರೆ ಬೀಗ ಹಾಕಿಕೊಳ್ಳಬಹುದು. ಒಂದೆರಡು ಕಾರಿನ ಜಾಗ ಕಡಿಮೆಯಾದೀತು. ಸಾಲ ತೀರಿಸುವಾಗ ಕೈಬಿಟ್ಟು ಹೋಗುವಂಥದ್ದು ಏನಾದರೂ ಇದ್ದೇ ಇರುತ್ತದೆ.

ಸ್ಟಿಲ್ಟ್ ಪಾರ್ಕಿಂಗ್ ಜಾಗವನ್ನು ಬಿಲ್ಡರ್ ಬಿಡಿಯಾಗಿ ಮಾರುವಂತಿಲ್ಲ, ಅದು ನಿವಾಸಿಗಳೆಲ್ಲರ ಸಾಮಾನ್ಯ ಜಾಗ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಮುಂಬೈಯ ಪ್ರಕರಣವೊಂದರಲ್ಲಿ ತೀರ್ಪಿತ್ತಿತು. ಎಲ್ಲರದಾದ ನೆಲದ ಹೊಣೆಯೂ ಎಲ್ಲರದೇ. ಗೃಹಪ್ರವೇಶದ ದಿನ ಮೇಲಿನ ಪ್ರತಿ ಮನೆಯ ಹೊಸ್ತಿಲಿಗೂ ಅರಿಸಿನ ಕುಂಕುಮ ಬೀಳುತ್ತದೆ. ಬೀದಿಗೆ ತಾಗುವ ಆ ಕಟ್ಟಡದ ನಿಜವಾದ ಹೊಸ್ತಿಲಿಗೆ ವಾರಸುದಾರರಿಲ್ಲ. ಹೊಸ ಕಟ್ಟಡದ ನಕ್ಷೆ ಬಿಡಿಸುವಾಗ ಎಷ್ಟು ಕಾರು ಹಿಡಿಯುತ್ತದೆ ಎಂದು ಕೇಳುವವರು, ನಮ್ಮವನಲ್ಲದ ಒಬ್ಬ ಎಲ್ಲಿ ಕೂರುತ್ತಾನೆ ಎಂದೂ ಕೇಳಲಿ. ಅದಕ್ಕೆ ಉತ್ತರವಿಲ್ಲದ ಕಟ್ಟಡ ವಾಸ್ತುವಿನ ಎಲ್ಲ ಲೆಕ್ಕ ಸರಿಹೋದರೂ ಗೃಹಸ್ಥಧರ್ಮದ ಲೆಕ್ಕದಲ್ಲಿ ಅಪೂರ್ಣವೇ.