ಅಕ್ಷತೆ ಯಾರಿಗೆ?

ಕನ್ನೊಳ್ಳಿಯಲ್ಲಿ ನೆಂಟರೊಬ್ಬರ ಮಗಳ ಮದುವೆಗೆ ಹೋಗಿದ್ದೆ. ಹುಡುಗಿಯ ತಂದೆ ತೀರಿಕೊಂಡು ಮೂರು ವರುಷವಾಗಿತ್ತು. ವೇದಿಕೆಯ ಹಿಂದೆ, ಹಿಂದಿನ ಕಾಲದಲ್ಲಾದರೆ ಬಣ್ಣದ ಪರದೆ ಇಳಿಬಿಡುತ್ತಿದ್ದ ಜಾಗದಲ್ಲಿ, ಈಗ ಎಲ್‌ಇಡಿ ಗೋಡೆ ನಿಲ್ಲುತ್ತದೆ. ಅದರಲ್ಲಿ ಗಣಕಯಂತ್ರ ಬರೆದ ಒಂದು ಅರಮನೆ, ಅರಮನೆಗೊಂದು ಗವಾಕ್ಷ. ಅಕ್ಷತೆಯ ಹೊತ್ತಿಗೆ ಸರಿಯಾಗಿ ಆ ಗವಾಕ್ಷದಲ್ಲಿ ತೀರಿಹೋದ ತಂದೆ ಕಾಣಿಸಿಕೊಂಡರು, ನಕ್ಕರು, ಕೈಯೆತ್ತಿ ಅಕ್ಷತೆ ಎರಚಿದರು. ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನೆರೆದವರಲ್ಲಿ ಕಣ್ಣೊರಸಿಕೊಳ್ಳದವರು ವಿರಳ.

ಇದನ್ನು ಮಾಡಿದವನು ಹುಡುಗಿಯ ದೊಡ್ಡಪ್ಪನ ಮಗ, ವಿಜಯಪುರದಲ್ಲಿ ಕಂಪ್ಯೂಟರ್ ಓದುತ್ತಿರುವ ತರುಣ. ಊಟದ ಪಂಕ್ತಿಯಲ್ಲಿ ನನ್ನ ಮಗ್ಗುಲಿಗೇ ಕುಳಿತ. ಇದು ಹೇಗಪ್ಪಾ ಎಂದು ಕೇಳಿದ್ದಕ್ಕೆ ಬಲು ಉತ್ಸಾಹದಿಂದ ವಿವರಿಸಿದ. ವಿಡಿಯೋದ ಕಡತದಲ್ಲಿ ಚಿತ್ರಗಳು ಇಡಿಯಾಗಿ ಇರುವುದೇ ಇಲ್ಲವಂತೆ. ಎಲ್ಲೋ ಒಂದು ಪೂರ್ಣ ಚಿತ್ರ. ಉಳಿದವು ನೆರೆಯ ಚಿತ್ರಕ್ಕಿಂತ ಎಷ್ಟು ಬೇರೆ ಎಂಬ ಲೆಕ್ಕ ಮಾತ್ರ. ಬೆಳಕನ್ನು ಚುಕ್ಕೆ ಚುಕ್ಕೆಗೂ ಬರೆದಿಟ್ಟು, ಬಣ್ಣವನ್ನು ನಾಲ್ಕು ಚುಕ್ಕೆಗೆ ಒಂದರಂತೆ ಹಂಚುವುದು ವಾಡಿಕೆ. ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸಿದಷ್ಟು ಸೂಕ್ಷ್ಮವಾಗಿ ಬಣ್ಣವನ್ನು ಗುರುತಿಸದು. ಡಿಕೋಡರ್ ಈ ಗಂಟನ್ನು ಬಿಚ್ಚಿ ಚಿತ್ರವನ್ನು ಮರಳಿ ಕಟ್ಟುತ್ತದೆ. 1920ಕ್ಕೆ 1080ರ ಒಂದು ಚಿತ್ರವೆಂದರೆ ಸುಮಾರು 20 ಲಕ್ಷ ಚುಕ್ಕೆ; ಚುಕ್ಕೆಗೆ 4 ಬೈಟಿನಂತೆ 83 ಲಕ್ಷ ಬೈಟು. ಅಂಥವು ಸೆಕೆಂಡಿಗೆ 25. ಗ್ರಾಫಿಕ್ಸ್ ಕಾರ್ಡು ಒಂದೊಂದನ್ನೂ ತೊಗಲಿನಂತೆ, ಅವರ ಮಾತಿನಲ್ಲಿ ಟೆಕ್ಸ್ಚರ್ ಆಗಿ, ತ್ರಿಕೋನಗಳಿಂದ ಕಟ್ಟಿದ ಆಕಾರಕ್ಕೆ ಹೊದಿಸುತ್ತದೆ. ಗೋಡೆಯಾದರೂ ಸರಿ, ಗೋಲವಾದರೂ ಸರಿ, ಗವಾಕ್ಷವಾದರೂ ಸರಿ. ತಾನೆಲ್ಲಿದ್ದೇನೆಂಬುದು ಚಿತ್ರಕ್ಕೆ ತಿಳಿಯದು.

“ಬಾಜೂಕಿನ ಮಂದೀನಷ್ಟ ಮರಿ ಮಾಡೀನ್ರಿ ಸರ್,” ಎಂದ. “ಉಳಿದದ್ದೆಲ್ಲಾ ಖರೇನ ಕಾಕಾಂದು.”

ಖರೆಯೇ. ಆದರೆ ಕಾಕಾ ಆ ಅಕ್ಷತೆ ಎರಚಿದ್ದು ಈ ಮದುವೆಯಲ್ಲಲ್ಲ. ಐದು ವರುಷದ ಹಿಂದೆ, ಇದೇ ಹುಡುಗನ ಅಕ್ಕನ ಮದುವೆಯಲ್ಲಿ.

ನನಗೆ ತೊಡಕಾದದ್ದು ಇಲ್ಲಿ. ಸುಳ್ಳೆಂದರೆ ಇಲ್ಲದ್ದನ್ನು ಇದೆಯೆನ್ನುವುದೆಂದು ನಾವು ತಿಳಿದಿದ್ದೇವೆ. ಇಲ್ಲಿ ನಗೆ ಅವರದು, ಕೈ ಅವರದು; ಇಟ್ಟ ಜಾಗವೊಂದೇ ಬೇರೆ. 1971ರ ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ ಬಣ್ಣ ತುಂಬಿದರು. ಕಪ್ಪು-ಬಿಳುಪೇ ಚೆನ್ನಿತ್ತೆಂದು ನಾನು ವಾದಿಸಬಲ್ಲೆ, ಆದರೂ ಮೋಸವಾಯಿತೆನ್ನಲಾರೆ. ರಾಜಕುಮಾರರು ಅಂದು ಯಾರನ್ನು ನೋಡಿ ಮಾತಾಡಿದ್ದರೋ ಅವರನ್ನೇ ನೋಡಿ ಮಾತಾಡುತ್ತಾರೆ. ಆಶೀರ್ವಾದವಾದರೋ ಬರಿಯ ಕೈಯ ಚಲನೆಯಲ್ಲ. ಅದಕ್ಕೆ ಎದುರಿಗೊಬ್ಬರು ಬೇಕು. ಎದುರಿದ್ದವರನ್ನು ತೆಗೆದು ಬೇರೆಯವರನ್ನು ನಿಲ್ಲಿಸಿದರೆ ಉಳಿಯುವುದೇನು? ಹಾರ ಹಾಕಿದ ಫೋಟೋಕ್ಕೆ ಮದುಮಕ್ಕಳು ನಮಸ್ಕರಿಸುವುದು ಬೇರೆ ಮಾತು; ಅಲ್ಲಿ ಫೋಟೋ ತಾನೇನನ್ನೂ ಮಾಡಿದೆನೆಂದು ಹೇಳಿಕೊಳ್ಳುವುದಿಲ್ಲ.

ಹಾಗೆಂದು ಹುಡುಗನ ಪಕ್ಷವನ್ನು ತಳ್ಳಿಹಾಕುವಂತೆಯೂ ಇಲ್ಲ. ಬದುಕಿದ್ದರೆ ಅವರು ಈ ಮಗಳಿಗೆ ಅಕ್ಷತೆ ಹಾಕುತ್ತಿರಲಿಲ್ಲವೇ? ಖಂಡಿತ ಹಾಕುತ್ತಿದ್ದರು. ಆದರೆ ನಗೆ ಇದೇ ಆಗಿರುತ್ತಿತ್ತೆ? ಸ್ವಂತ ಮಗಳನ್ನು ಕೊಡುವ ತಂದೆ ಅಷ್ಟು ಹಗುರಾಗಿ ನಗುವುದನ್ನು ನಾನು ಕಂಡಿಲ್ಲ.

“ತಪ್ಪಾತೇನ್ರೀ?” ಎಂದು ಹುಡುಗ ಕೇಳಿದ. ಆ ತಾಯಿಯ ಮುಖ ನೋಡಿದ್ದ ನನಗೆ ಹೌದೆನ್ನಲು ಬಾಯಿ ಬರಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಅಷ್ಟರಲ್ಲಿ ಅವನ ಅಕ್ಕ ಹೋಳಿಗೆಗೆ ತುಪ್ಪ ಬಡಿಸುತ್ತ ನಮ್ಮೆದುರು ಬಂದಳು.

“ತಮ್ಮಾ, ಅದು ನನ್ನ ಮದಿವ್ಯಾಗಿಂದು. ನೋಡಿದ ಕೂಡ್ಲೆ ಗುರ್ತ ಸಿಕ್ತು,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ತಂಗೀಗಿ ಹೇಳಬ್ಯಾಡ. ಆದ್ರ ನಾ ಇರೋ ಪೂರಾ ವಿಡಿಯೋ ನನಗೊಂದು ಕಳಸು.”