ಗಾಯ ಕಟ್ಟಲು ಕಲಿತವನು



ದಯಾಳು ಸಮಾರಿಯದವನ ಸಾಮತಿಯನ್ನು ನಾವು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಯಾಜಕ ಸರಿದು ಹೋದ, ಲೇವಿಯನೂ ಸರಿದು ಹೋದ, ಪರಕೀಯನೊಬ್ಬ ನಿಂತ. ಪ್ರಬೋಧನೆಯಲ್ಲಿ ನಾವು ಗುರುಗಳು ಸಾಮಾನ್ಯವಾಗಿ ಅವನ ಕರುಣೆಯನ್ನು ಹೊಗಳಿ ಮುಗಿಸುತ್ತೇವೆ. ಆದರೆ ಅವನು ಗಾಯಕ್ಕೆ ಎಣ್ಣೆ ಮತ್ತು ದ್ರಾಕ್ಷಾರಸ ಹುಯ್ದು ಪಟ್ಟಿ ಕಟ್ಟಿದ ಎಂಬುದನ್ನೂ ಸಂತ ಲೂಕರು ಮರೆಯದೆ ಬರೆದಿದ್ದಾರೆ. ಗಾಯಕ್ಕೆ ಏನು ಹಾಕಬೇಕು, ಹೇಗೆ ಕಟ್ಟಬೇಕು ಎಂಬುದು ಅವನಿಗೆ ಮೊದಲೇ ಗೊತ್ತಿತ್ತು. ಅವನು ಅದನ್ನು ಎಲ್ಲಿ ಕಲಿತನೋ ಶುಭಸಂದೇಶ ಹೇಳುವುದಿಲ್ಲ.

ಅಮೆರಿಕದ ಐಯೋವ ರಾಜ್ಯದಲ್ಲಿ ಪೋಸ್ಟ್‌ವಿಲ್ ಎಂಬ ಪುಟ್ಟ ಊರಿದೆ. ಸುತ್ತ ಜೋಳದ ಹೊಲಗಳು, ಊರಿನ ಜನ ಎರಡು ಸಾವಿರಕ್ಕೆ ತುಸು ಹೆಚ್ಚು. ಅಲ್ಲಿನ ಮಾಂಸದ ಕಾರ್ಖಾನೆಗೆ 2008ರ ಮೇ 12ರಂದು ಸರ್ಕಾರದ ಅಧಿಕಾರಿಗಳು ನುಗ್ಗಿ 389 ಕೆಲಸಗಾರರನ್ನು ಬಂಧಿಸಿದರು. ಹೆಚ್ಚಿನವರು ಗ್ವಾಟೆಮಾಲದ ಬಡವರು. ಮನೆಯಲ್ಲಿದ್ದ ಹೆಂಗಸರು ಮಕ್ಕಳು ಸಂತ ಬ್ರಿಜಿತರ ದೇವಾಲಯಕ್ಕೆ ಓಡಿ ಬಂದರು. ಆ ಧರ್ಮಕೇಂದ್ರವನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ಮೇರಿ ಮೆಕಾಲಿ ಬಾಗಿಲು ತೆರೆದರು. ನೂರಾರು ಮಂದಿ ಅಲ್ಲೇ ಉಂಡು ಅಲ್ಲೇ ಮಲಗಿದರು.

ಬಂಧಿತರ ಗತಿ ಏನಾಯಿತು? ವಾಟರ್ಲೂ ನಗರದ ಜಾನುವಾರು ಪ್ರದರ್ಶನ ಮೈದಾನದಲ್ಲಿ ನ್ಯಾಯಾಲಯ ಕೂಡಿಸಿ, ಕೆಲವೇ ದಿನಗಳಲ್ಲಿ ಸುಮಾರು ಮುನ್ನೂರು ಮಂದಿಗೆ ಶಿಕ್ಷೆ ವಿಧಿಸಲಾಯಿತು. ಹೆಚ್ಚಿನವರಿಗೆ ಐದು ತಿಂಗಳ ಸೆರೆ, ಆಮೇಲೆ ಗಡೀಪಾರು. ಒಬ್ಬೊಬ್ಬ ವಕೀಲರ ಕೈಯಲ್ಲಿ ಹತ್ತಾರು ಆರೋಪಿಗಳು. ಎಷ್ಟೋ ಮಂದಿಗೆ ಸ್ಪ್ಯಾನಿಷ್ ಭಾಷೆಯೇ ಎರಡನೆಯ ಭಾಷೆ. ಸಹಿ ಹಾಕಿದ ಕಾಗದದಲ್ಲಿ ಏನಿದೆ ಎಂದು ಅವರಲ್ಲಿ ಎಷ್ಟು ಮಂದಿಗೆ ತಿಳಿದಿತ್ತೋ! ಇಂಥ ಆರೋಪ ನಿಲ್ಲಬೇಕಾದರೆ ಆ ಗುರುತಿನ ಸಂಖ್ಯೆ ಬೇರೊಬ್ಬ ವ್ಯಕ್ತಿಯದೆಂದು ಆರೋಪಿಗೆ ತಿಳಿದಿರಲೇಬೇಕು ಎಂದು ಆ ದೇಶದ ಸುಪ್ರೀಂ ಕೋರ್ಟು ಬೇರೊಂದು ಮೊಕದ್ದಮೆಯಲ್ಲಿ 2009ರ ಮೇ ತಿಂಗಳಲ್ಲಿ ಹೇಳಿತು. ಆ ವೇಳೆಗೆ ಪೋಸ್ಟ್‌ವಿಲ್‌ನವರು ತಮ್ಮ ಐದು ತಿಂಗಳನ್ನು ಕಳೆದಾಗಿತ್ತು.

ಅನ್ನ ಹಾಕಲು ಆ ಸಂಜೆ ಯಾರೂ ಹೊಸದಾಗಿ ಕಲಿಯಬೇಕಾಗಿರಲಿಲ್ಲ. ಕಾನೂನು ಒಂದು ಸಂಜೆಯಲ್ಲಿ ಕಲಿಯುವಂಥದ್ದಲ್ಲ.

ವಲಸಿಗರ ನ್ಯಾಯಾಲಯದಲ್ಲಿ ವಕೀಲರನ್ನು ಇಟ್ಟುಕೊಳ್ಳುವ ಹಕ್ಕುಂಟು, ಆದರೆ ಸರ್ಕಾರದ ಖರ್ಚಿನಲ್ಲಲ್ಲ ಎನ್ನುತ್ತದೆ ಅಮೆರಿಕದ ಕಾನೂನು. ಪೋಸ್ಟ್‌ವಿಲ್‌ನಂಥ ಊರಿನವರು ಆ ನ್ಯಾಯಾಲಯಕ್ಕೆ ಹೋಗಬೇಕಾದರೆ ಪಕ್ಕದ ರಾಜ್ಯದ ಒಮಾಹಾ ನಗರಕ್ಕೆ, ಸುಮಾರು 500 ಕಿಲೋಮೀಟರ್ ಹೋಗಬೇಕು. ಮನೆ ಬದಲಿಸಿದವರು ನ್ಯಾಯಾಲಯಕ್ಕೆ ಐದು ದಿನಗಳೊಳಗೆ ತಿಳಿಸಬೇಕು. ತಿಳಿಸದಿದ್ದರೆ ನೋಟೀಸು ಹಳೆಯ ಮನೆಗೆ ಹೋಗುತ್ತದೆ, ವಿಚಾರಣೆಗೆ ಬಾರದವನಿಗೆ ಅವನ ಗೈರುಹಾಜರಿಯಲ್ಲೇ ಗಡೀಪಾರಿನ ಆಜ್ಞೆ ಆಗುತ್ತದೆ. ಒಂದು ಕಾಗದ ತಪ್ಪಿದ್ದಕ್ಕೆ ತಂದೆ ಮಕ್ಕಳಿಂದ ಬೇರೆಯಾಗುತ್ತಾನೆ.

ಇಂಥ ಕಡೆ ಮೋಸಗಾರರೂ ಇರುತ್ತಾರೆ. ಲ್ಯಾಟಿನ್ ಅಮೆರಿಕದ ಹಲವು ದೇಶಗಳಲ್ಲಿ 'ನೊತಾರಿಯೊ' ಎಂದರೆ ದೊಡ್ಡ ಕಾನೂನು ಪಂಡಿತ. ಅಮೆರಿಕದ ನೋಟರಿಯಾದರೋ ಸಹಿಗೆ ಸಾಕ್ಷಿ ನಿಲ್ಲುವವನು, ಅಷ್ಟೇ. ಆ ಹೆಸರಿನ ಫಲಕ ತೂಗುಹಾಕಿ ಹಣ ಕಿತ್ತು, ತಪ್ಪು ಅರ್ಜಿ ತುಂಬಿ, ಬಡವರನ್ನು ಗಡೀಪಾರಿನ ಬಾಯಿಗೆ ತಳ್ಳಿದವರು ಎಷ್ಟೋ ಮಂದಿ. ನಮ್ಮಲ್ಲಿ ನೋಟರಿ ಎಂದರೆ ಸಾಮಾನ್ಯವಾಗಿ ಹಲವು ವರ್ಷ ವಕೀಲಿ ಮಾಡಿದವರೇ. ಹಾಗಾಗಿ ನಮ್ಮವರೂ ಅಲ್ಲಿ ಸುಲಭವಾಗಿ ಮೋಸಹೋಗಬಹುದು.

ಇನ್ನೊಂದು ಕಹಿ ಮಾತು. ಒಳ್ಳೆಯ ಮನಸ್ಸಿನಿಂದ ತಪ್ಪು ಅರ್ಜಿ ತುಂಬಿಕೊಟ್ಟ ಭಕ್ತನಿಂದಲೂ ಅದೇ ಹಾನಿ. ಗಾಯಾಳುವಿಗೆ ಎರಡೂ ಒಂದೇ. ಕರುಣೆ ಬುದ್ಧಿಯ ಹತೋಟಿಯಲ್ಲಿದ್ದಾಗಲೇ ಸದ್ಗುಣವಾಗುತ್ತದೆ ಎಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದ್ದನ್ನು ಗುರುಮಠದಲ್ಲಿ ನಾನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಬಹಳ ತಡವಾಗಿ.

ಆದ್ದರಿಂದಲೇ ಅಲ್ಲಿನ ಧರ್ಮಸಭೆ ಕಲಿಸುವ ಕೆಲಸಕ್ಕೂ ಕೈಹಾಕಿತು. 1988ರಲ್ಲಿ ಧರ್ಮಾಧ್ಯಕ್ಷರುಗಳು ವಲಸಿಗರ ಕಾನೂನು ನೆರವಿಗಾಗಿ 'ಕ್ಲಿನಿಕ್' ಎಂಬ ಜಾಲವನ್ನು ಕಟ್ಟಿದರು. ವಿಲನೋವಾ ಕಥೋಲಿಕ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಮಿಷೆಲ್ ಪಿಸ್ಟೋನ್ 2020ರಲ್ಲಿ ಅಂತರ್ಜಾಲದ ಮೂಲಕ ಕಲಿಯುವ ಒಂದು ತರಬೇತಿ ಆರಂಭಿಸಿದರು. ಮೂರು ಹಂತ, ಒಂದೊಂದೂ 14 ವಾರ. ನಗರದಿಂದ ದೂರದ ಹಳ್ಳಿಯಲ್ಲಿ ಮನೆಗೆಲಸ ಮುಗಿಸಿದ ತಾಯಿ, ನಿವೃತ್ತ ಶಿಕ್ಷಕ ಕೂಡ ರಾತ್ರಿ ಕುಳಿತು ಓದಬಹುದು. ವಕೀಲರಲ್ಲದವರಿಗೂ ಇಂಥ ಕೆಲಸಕ್ಕೆ ಮಾನ್ಯತೆ ಕೊಡಲು ಆ ದೇಶದ ನಿಯಮಗಳಲ್ಲಿ ಅವಕಾಶವಿದೆ. ಆದರೆ ಒಂಟಿಯಾಗಿ ಅಂಗಡಿ ತೆರೆಯುವಂತಿಲ್ಲ, ಮಾನ್ಯತೆ ಪಡೆದ ಲಾಭರಹಿತ ಸಂಸ್ಥೆಯೊಂದರ ಆಶ್ರಯದಲ್ಲೇ ಮಾಡಬೇಕು. ಭಾಗಶಃ ಮಾನ್ಯತೆ ಪಡೆದವರು ವಲಸೆ ಇಲಾಖೆಯ ಮುಂದೆ ಮಾತ್ರ ನಿಲ್ಲಬಹುದು, ಪೂರ್ಣ ಮಾನ್ಯತೆ ಪಡೆದವರು ವಲಸೆ ನ್ಯಾಯಾಲಯದಲ್ಲೂ. ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು.

ಪವಿತ್ರಾತ್ಮರಿಗೆ ಸಂತ ಯೊವಾನ್ನರು ಬಳಸಿದ ಗ್ರೀಕ್ ಪದ 'ಪರಾಕ್ಲೆತೊಸ್'. ಪಕ್ಕದಲ್ಲಿ ನಿಲ್ಲಲು ಕರೆಯಲ್ಪಟ್ಟವನು ಎಂದರ್ಥ. ಆರೋಪಿಯ ಪರ ನ್ಯಾಯಸ್ಥಾನದಲ್ಲಿ ಮಾತನಾಡುವವನಿಗೂ ಅದೇ ಹೆಸರು. ಆ ಓದುವ ತಾಯಿಯನ್ನು ನೆನೆದಾಗಲೆಲ್ಲ ನನಗೆ ಈ ಪದ ನೆನಪಾಗುತ್ತದೆ.

ನಿಮ್ಮಲ್ಲಿ ಕೆಲವರ ಮಕ್ಕಳು ವೀಸಾದ ಮೇಲೆ ಅಮೆರಿಕದಲ್ಲಿದ್ದಾರೆ. ಅಂಥವರು ಮನೆ ಬದಲಿಸಿದರೆ ಹತ್ತು ದಿನಗಳೊಳಗೆ ವಲಸೆ ಇಲಾಖೆಗೆ ತಿಳಿಸಬೇಕು. ಈ ಭಾನುವಾರ ಫೋನು ಬಂದಾಗ, ಊಟ ಆಯಿತೇ ಎಂದು ಕೇಳಿದ ಮೇಲೆ, ಇದನ್ನೂ ಒಂದು ಮಾತು ಕೇಳಿ ನೋಡಿ.